ಕೆಲ್ಟಿಕ್ ಕಥೆಗಳನ್ನು ಓದಬೇಕಾ? ಒಂದು ಗೂಳಿಯಿಂದ ಶುರು ಮಾಡಿ

ಕೆಲ್ಟಿಕ್ ಪುರಾಣ, ಅಂದರೆ ಐರ್ಲೆಂಡ್, ವೇಲ್ಸ್ ಕಡೆಯ ಹಳೇ ಕಥೆಗಳು, ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು 'ಡ್ರೂಯಿಡ್‌ಗಳ (ಹಳೇ ಕೆಲ್ಟಿಕ್ ಪುರೋಹಿತರ) ಗುಟ್ಟು', 'ಮರಗಳ ಜ್ಯೋತಿಷ್ಯ' ಅನ್ನುವಂಥ ಪುಸ್ತಕಗಳು. ದಯವಿಟ್ಟು ಅವನ್ನು ಬದಿಗಿಡಿ. ನಾನು ಅಲ್ಲಿಂದಲೇ ಶುರು ಮಾಡಿದ್ದೆ. ಹಳೇ ಕಥೆಗಳ ಹತ್ತಿರ ಬರೋಕೆ ತುಂಬಾ ತಡವಾಯಿತು.

ಮೊದಲು ಐರ್ಲೆಂಡಿನ 'ಟಾನ್' ಓದಿ. ದನ ಹೊಡೆದುಕೊಂಡು ಹೋಗುವ ಕಥೆ ಇದು. ಕೊನಾಕ್ಟ್ ರಾಣಿ ಮೇವ್ ಮತ್ತು ಅವಳ ಗಂಡ ಹಾಸಿಗೆಯಲ್ಲಿ ಮಲಗಿ, ಯಾರ ಆಸ್ತಿ ಜಾಸ್ತಿ ಅಂತ ಮಾತಿಗೆ ಮಾತು ಬೆಳೆಸುತ್ತಾರೆ. ಪಾತ್ರೆ, ಒಡವೆ, ಕುರಿ, ಕುದುರೆ ಎಲ್ಲ ಎಣಿಸಿದರೂ ಸರಿಸಮ, ಆದರೆ ಗಂಡನ ಹತ್ತಿರ ಒಂದು ಬಿಳಿ ಕೊಂಬಿನ ಗೂಳಿ ಹೆಚ್ಚಿಗೆ. ಅಷ್ಟಕ್ಕೇ ಅವಳು ಅಲ್‌ಸ್ಟರಿನ ಕಂದು ಗೂಳಿಗಾಗಿ ದಂಡು ಕಟ್ಟಿಕೊಂಡು ಹೊರಡುತ್ತಾಳೆ. ಅಲ್‌ಸ್ಟರಿನ ಗಂಡಸರೆಲ್ಲ ಒಂದು ಶಾಪದಿಂದ ನೋವು ತಿನ್ನುತ್ತಾ ಮಲಗಿದ್ದಾರೆ, ಗಡಿ ಕಾಯೋಕೆ ಉಳಿದವನು ಕೂ ಖುಲನ್ ಅನ್ನುವ ಹುಡುಗ ಒಬ್ಬನೇ. ವಿರಾಟಪರ್ವದ ಗೋಗ್ರಹಣ ಗೊತ್ತಿರುವ, ತುರುಗಾಳಗದ ವೀರಗಲ್ಲು ನೋಡಿರುವ ನಮಗೆ ಇದು ಹೊಸದಲ್ಲ ಅಲ್ವಾ? ಕಥೆಯ ಪೂರ್ತಿ ಹೆಸರಲ್ಲಿ ಬರುವ 'ಬೋ' ಅಂದರೆ ಹಸು. ಸಂಸ್ಕೃತದ 'ಗೋ' ಕೂಡ ಅದೇ ಮೂಲದ್ದು.

ಅನುವಾದ ಆರಿಸುವಾಗ ಮಾತ್ರ ಹುಷಾರು. ಲೇಡಿ ಗ್ರೆಗರಿ 1902ರಲ್ಲಿ ಬರೆದದ್ದು ಸೊಗಸಾಗಿದೆ, ಆದರೆ ಒರಟು ಭಾಗಗಳನ್ನು ನಯ ಮಾಡಿದ್ದಾರೆ. ಥಾಮಸ್ ಕಿನ್ಸೆಲ್ಲಾ ಅವರ 1969ರ ಅನುವಾದದಲ್ಲಿ ಒರಟುತನ ಹಾಗೇ ಇದೆ. ನನ್ನ ಓಟು ಅದಕ್ಕೇ. ಕೂ ಖುಲನ್ ತನ್ನ ಜೊತೆ ಬೆಳೆದ ಗೆಳೆಯ ಫರ್ದಿಯಾ ಜೊತೆ ಹೊಳೆ ದಾಟುವ ಜಾಗದಲ್ಲಿ ದಿನಗಟ್ಟಲೆ ಕಾದಾಡುವ ಭಾಗ ಬಂದಾಗ ನಿಧಾನವಾಗಿ ಓದಿ. ಹಗಲೆಲ್ಲ ಹೊಡೆದಾಡಿ, ಮೊದಲ ರಾತ್ರಿ ಇವನು ಅವನ ಗಾಯಕ್ಕೆ ಸೊಪ್ಪು ಕಳಿಸುತ್ತಾನೆ, ಅವನು ಇವನಿಗೆ ಊಟ ಕಳಿಸುತ್ತಾನೆ. ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ.

ಹೆಸರುಗಳಿಗೆ ಹೆದರಬೇಡಿ. ಐರಿಷ್ ಕಾಗುಣಿತ ಒಂದು, ಉಚ್ಚಾರ ಇನ್ನೊಂದು. ಒಮ್ಮೆ ಕೇಳಿಸಿಕೊಂಡು, ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆದುಕೊಳ್ಳಿ: ಮೇವ್, ಶೀ (ಗುಡ್ಡಗಳೊಳಗಿನ ಮಾಯಾಜನ), ಸೌವನ್ (ಚಳಿಗಾಲ ಶುರುವಾಗುವ ಹಬ್ಬ).

ಆಮೇಲೆ ವೇಲ್ಸ್‌ಗೆ ಬನ್ನಿ. 'ಮ್ಯಾಬಿನೋಗಿಯನ್' ಸಂಗ್ರಹದ ಮೊದಲ ನಾಲ್ಕು ಕಥೆ ಸಾಕು. ಶೋನೆಡ್ ಡೇವಿಸ್ ಅವರ 2007ರ ಅನುವಾದವನ್ನು ಜೋರಾಗಿ ಓದಿದರೆ ಚೆನ್ನ. ಅದರಲ್ಲಿ ಐರ್ಲೆಂಡಿಗೆ ಮದುವೆಯಾಗಿ ಹೋದ ಬ್ರಾನ್ವೆನ್‌ಳನ್ನು ಅಡುಗೆಮನೆಗೆ ತಳ್ಳುತ್ತಾರೆ. ಅವಳು ಹಿಟ್ಟು ನಾದುವ ಮರಿಗೆಯ ಅಂಚಿನಲ್ಲಿ ಮೈನಾ ಜಾತಿಯ ಒಂದು ಹಕ್ಕಿ ಸಾಕಿ, ಅದಕ್ಕೆ ಮಾತು ಕಲಿಸಿ, ರೆಕ್ಕೆಗೆ ಪತ್ರ ಕಟ್ಟಿ ಅಣ್ಣನ ಹತ್ತಿರ ಕಳಿಸುತ್ತಾಳೆ.

ಇಷ್ಟು ಓದಿದ ಮೇಲೆ 'ಕೆಲ್ಟಿಕ್ ಜ್ಞಾನ'ದ ಪುಸ್ತಕ ಬೇಕಾದರೆ ತೆಗೆಯಿರಿ. ಆದರೆ ಪ್ರತಿ ಮಾತಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಯಾರು, ಯಾವಾಗ ಬರೆದಿಟ್ಟರು? ಡ್ರೂಯಿಡ್‌ಗಳು ತಮ್ಮ ಪಾಠವನ್ನು ಬರೆಯುತ್ತಿರಲಿಲ್ಲ, ಕೆಲವರು 20 ವರ್ಷ ಬಾಯಿಪಾಠ ಮಾಡುತ್ತಿದ್ದರು ಅಂತ ಸೀಸರ್ ಹೇಳುತ್ತಾನೆ. ಐರಿಷ್ ಕಥೆಗಳನ್ನು ಬರೆದಿಟ್ಟವರು ಎಷ್ಟೋ ಶತಮಾನಗಳ ನಂತರದ ಕ್ರೈಸ್ತ ಸನ್ಯಾಸಿಗಳು. ವೇಲ್ಸ್‌ನ ಯೋಲೋ ಮೊರ್ಗಾನುಗ್ 18ನೇ ಶತಮಾನದ ಕೊನೆಗೆ ಎಷ್ಟೋ 'ಪುರಾತನ' ಬರಹಗಳನ್ನು ತಾನೇ ಸೃಷ್ಟಿಸಿದ. ತಿಂಗಳಿಗೊಂದು ಮರದ ಹೆಸರಿರುವ 13 ತಿಂಗಳ ಕ್ಯಾಲೆಂಡರ್ ಕವಿ ರಾಬರ್ಟ್ ಗ್ರೇವ್ಸ್ ಅವರ 1948ರ ಪುಸ್ತಕದಿಂದ ಹರಡಿದ್ದು.

ದುಡ್ಡು ಖರ್ಚು ಮಾಡದೆ ಓದಬೇಕಾದರೆ, ಕಾರ್ಕ್ ವಿಶ್ವವಿದ್ಯಾಲಯದ 'ಸೆಲ್ಟ್' ಸಂಗ್ರಹದಲ್ಲಿ ಹಳೆ ಐರಿಷ್ ಪಠ್ಯಗಳಿವೆ, ಎಷ್ಟೋ ಪಠ್ಯಗಳಿಗೆ ಇಂಗ್ಲಿಷ್ ಅನುವಾದವೂ ಇದೆ. ಜನಪದ ಇಷ್ಟವಿದ್ದರೆ 'ದೂಖಸ್' ತಾಣ ನೋಡಿ. 1937ರಿಂದ 1939ರವರೆಗೆ ಐರ್ಲೆಂಡಿನ ಶಾಲಾ ಮಕ್ಕಳು ಮನೆಯ, ಊರಿನ ಹಿರಿಯರಿಂದ ಕೇಳಿ ಬರೆದ ಕಥೆಗಳು ಕೈಬರಹದಲ್ಲೇ ಅಲ್ಲಿವೆ. ಪವಿತ್ರ ಬಾವಿಗಳ ಪುಟಗಳನ್ನು ಮೊದಲು ತೆರೆಯಿರಿ.