ಪೆನ್ನಿನ ಸ್ಪ್ರಿಂಗ್ ಹಿಡಿದು ಡಿಎನ್‌ಎ ಫೋಟೊ ಓದುವುದು ಹೇಗೆ

ಡಿಎನ್‌ಎಯ ‘ಫೋಟೊ 51’ ನೋಡಿರುತ್ತೀರಿ. ಕಪ್ಪು ಚುಕ್ಕೆಗಳೆಲ್ಲ ಸೇರಿ ಇಂಟು ಮಾರ್ಕ್ ಹಾಕಿದ ಹಾಗೆ ಕಾಣುವ ಚಿತ್ರ. 1952ರ ಮೇ ತಿಂಗಳಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗೋಸ್ಲಿಂಗ್ ಎಕ್ಸ್‌-ರೇ ಹಾಯಿಸಿ ತೆಗೆದದ್ದು. ಇದರಲ್ಲಿ ಸುರುಳಿ ಎಲ್ಲಿದೆ ಅಂತ ನನಗೆ ತುಂಬಾ ದಿನ ತಲೆಗೇ ಹೋಗಿರಲಿಲ್ಲ. ಬಾಲ್‌ಪೆನ್ ಸ್ಪ್ರಿಂಗ್ ಒಂದು ಅದನ್ನು ಬಿಡಿಸಿ ತೋರಿಸಿತು.

ಸ್ಪ್ರಿಂಗ್ ತೆಗೆದು, ಸುತ್ತುಗಳ ನಡುವೆ ಸಂದು ಕಾಣುವಷ್ಟು ಎಳೆದು, ನೆಟ್ಟಗೆ ನಿಲ್ಲಿಸಿ ಕ್ಲಿಪ್ ಹಾಕಿ. ಮೂರ್ನಾಲ್ಕು ಮೀಟರ್ ದೂರದ ಗೋಡೆಗೆ ಬಿಳಿ ಹಾಳೆ ಅಂಟಿಸಿ, ಕೋಣೆ ಕತ್ತಲು ಮಾಡಿ. 1 ಮಿಲಿವಾಟ್‌ಗಿಂತ ಕಡಿಮೆ ಶಕ್ತಿಯ ಕೆಂಪು ಲೇಸರ್ ಸಾಕು. ಅಲುಗಾಡದ ಹಾಗೆ ಪುಸ್ತಕಗಳ ಮೇಲಿಟ್ಟು, ಸ್ಪ್ರಿಂಗಿನ ಪಕ್ಕದಿಂದ ನಡುಭಾಗಕ್ಕೆ ಬಿಡಿ. ಹುಷಾರು, ಸ್ಪ್ರಿಂಗ್ ಹೊಳೆಯುತ್ತದೆ, ಬೆಳಕು ಎತ್ತ ಬೇಕಾದರೂ ಚಿಮ್ಮಬಹುದು. ಕಣ್ಣು ಅದರ ಮಟ್ಟಕ್ಕೆ ತರಲೇಬೇಡಿ.

ಗೋಡೆ ನೋಡಿ. ನಡುವೆ ಒಂದು ದೊಡ್ಡ ಚುಕ್ಕೆ, ಅಲ್ಲಿಂದ ನಾಲ್ಕು ಕಡೆಗೆ ಸಣ್ಣ ಚುಕ್ಕೆಗಳ ಸಾಲು. ಅದೇ ಇಂಟು ಮಾರ್ಕ್! ಸ್ಪ್ರಿಂಗನ್ನು ಪಕ್ಕದಿಂದ ನೋಡಿದರೆ ಮುಂದಿನ ತಂತಿಗಳು ಒಂದು ಕಡೆ ವಾಲಿರುತ್ತವೆ, ಹಿಂದಿನವು ಇನ್ನೊಂದು ಕಡೆ, ಅಲ್ವಾ? ಪ್ರತಿ ಗುಂಪೂ ತನಗೆ ಅಡ್ಡಲಾಗಿ ಒಂದು ಚುಕ್ಕೆ ಸಾಲು ಬಿಡಿಸುತ್ತದೆ, ಆ ಎರಡು ಸಾಲು ನಡುವೆ ಒಂದನ್ನೊಂದು ದಾಟುತ್ತವೆ.

ಈಗ ಸ್ಪ್ರಿಂಗನ್ನು ಇನ್ನೂ ಸ್ವಲ್ಪ ಎಳೆಯಿರಿ. ಚುಕ್ಕೆಗಳು ಹತ್ತಿರವಾಗುತ್ತವೆ, ಇಂಟು ಅಗಲವಾಗುತ್ತದೆ. ಅಂದರೆ ಗೋಡೆಯ ಮೇಲೆ ಸ್ಕೇಲ್ ಇಟ್ಟೇ ಸುರುಳಿಯ ಅಳತೆ ಹೇಳಬಹುದು. ಸುತ್ತುಗಳ ನಡುವೆ 1 ಮಿಲಿಮೀಟರ್ ಇದ್ದರೆ, 3 ಮೀಟರ್ ದೂರದಲ್ಲಿ ಚುಕ್ಕೆಗಳ ನಡುವೆ ಸುಮಾರು 2 ಮಿಲಿಮೀಟರ್ ಬರುತ್ತದೆ.

ಫ್ರಾಂಕ್ಲಿನ್ ಮಾಡಿದ್ದೂ ಈ ಅಳತೆಯನ್ನೇ, ಆದರೆ ತೇವ ಹದವಾಗಿಟ್ಟ, ಕೂದಲಿಗಿಂತ ತೆಳ್ಳಗಿನ ಡಿಎನ್‌ಎ ಎಳೆಯ ಮೇಲೆ. ಒಂದು ಸುತ್ತಿಗೆ 3.4 ನ್ಯಾನೊಮೀಟರ್. ಡಿಎನ್‌ಎ ಸುರುಳಿಯೊಳಗೆ ಏಣಿಯ ಮೆಟ್ಟಿಲಿನಂತೆ ಜೋಡಿಗಳಿರುತ್ತವೆ. ಫೋಟೊದ ಮೇಲೆ ಕೆಳಗೆ ಇರುವ ದಪ್ಪ ಕಲೆಗಳು ಎರಡು ಮೆಟ್ಟಿಲುಗಳ ನಡುವೆ 0.34 ನ್ಯಾನೊಮೀಟರ್ ಅನ್ನುತ್ತವೆ, ಅಂದರೆ ಸುತ್ತಿಗೆ 10 ಮೆಟ್ಟಿಲು. 1953ರ ಜನವರಿಯಲ್ಲಿ ಕಿಂಗ್ಸ್ ಕಾಲೇಜಿನ ಸಹೋದ್ಯೋಗಿ ಮಾರಿಸ್ ವಿಲ್ಕಿನ್ಸ್ ಈ ಫೋಟೊವನ್ನು ಕೇಂಬ್ರಿಡ್ಜಿನ ವಿಜ್ಞಾನಿ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು, ಏಪ್ರಿಲ್ 25ಕ್ಕೆ ವಾಟ್ಸನ್ ಮತ್ತು ಅವರ ಜೊತೆಗಾರ ಫ್ರಾನ್ಸಿಸ್ ಕ್ರಿಕ್ ಅವರ ಡಿಎನ್‌ಎ ಜೋಡಿ ಸುರುಳಿಯ ಮಾದರಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಸುಮ್ನೆ ಫೋಟೊ ನೋಡಿದ ಕೂಡಲೇ ಎಲ್ಲ ಹೊಳೆಯಿತು ಅನ್ನುವ ಕಥೆ ನನಗೆ ಇಷ್ಟವಾಗುವುದಿಲ್ಲ, ಆ ಅಳತೆಗಳ ಹಿಂದೆ ತಿಂಗಳುಗಟ್ಟಲೆ ಕೆಲಸ ಇದೆ.

ಇಷ್ಟಾದ ಮೇಲೆ ಫೋಟೊ 51 ಮತ್ತೆ ತೆಗೆದು, ನಡುವಿನಿಂದ ಮೇಲಕ್ಕೆ ಚುಕ್ಕೆಗಳ ಅಡ್ಡ ಸಾಲು ಎಣಿಸಿ. ಒಂದು, ಎರಡು, ಮೂರು, ಆಮೇಲೆ ಐದು. ನಾಲ್ಕನೆಯದು ಕಾಣುವುದೇ ಇಲ್ಲ. ಡಿಎನ್‌ಎಯಲ್ಲಿ ಸುರುಳಿ ಎರಡಿವೆ, ಒಂದು ಇನ್ನೊಂದಕ್ಕಿಂತ ಸುತ್ತಿನ ಎಂಟರಲ್ಲಿ ಮೂರು ಭಾಗದಷ್ಟು ಸರಿದು ಕೂತಿದೆ. ಹಾಗಾಗಿ ಆ ಒಂದು ಸಾಲಿನಲ್ಲಿ ಎರಡರ ಅಲೆಗಳೂ ಒಂದನ್ನೊಂದು ಅಳಿಸಿಬಿಡುತ್ತವೆ.