ಬೋರ್ ನೀರಿನಲ್ಲಿ ಏನೇನು ಕರಗಿದೆ? ಮನೆಯಲ್ಲೇ ನೋಡಿ

ಚಿಂತಾಮಣಿ, ಬಾಗೇಪಲ್ಲಿ ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬೆಳ್ಳಗೆ ಪದರ ಕಟ್ಟಿರುತ್ತದೆ. ಗೀಸರ್ ಕಾಯಿಲ್‌ಗೂ ಅದೇ ಗತಿ. ಬೋರ್‌ನಿಂದ ಬರುವಾಗ ನೀರು ತಿಳಿಯಾಗಿಯೇ ಇತ್ತು ಅಲ್ವಾ? ಆ ಬಿಳಿ ಪುಡಿ ಅದರಲ್ಲೇ ಕಾಣದಂತೆ ಕರಗಿತ್ತು.

ಮೊದಲು ಮೂರು ಲೋಟ ತೆಗೆದುಕೊಳ್ಳಿ. ಎರಡಕ್ಕೆ ನೀರು, ಒಂದಕ್ಕೆ ಸ್ವಲ್ಪ ಕಡಲೆಕಾಯಿ ಎಣ್ಣೆ ಹಾಕಿ. ಒಂದು ನೀರಿಗೆ ಉಪ್ಪು, ಇನ್ನೊಂದಕ್ಕೆ ಸಕ್ಕರೆ, ಎಣ್ಣೆಗೆ ಚಿಟಿಕೆ ಉಪ್ಪು ಹಾಕಿ ಕಲಕಿ. 100 ಮಿಲಿ ನೀರಿಗೆ ಸುಮಾರು 36 ಗ್ರಾಂ ಉಪ್ಪು ಹಿಡಿಯುತ್ತದೆ, ಸಕ್ಕರೆಯಾದರೆ ಸುಮಾರು 200 ಗ್ರಾಂ! (ಅಷ್ಟು ಸಕ್ಕರೆ ಸುಮ್ನೆ ಹಾಳು ಮಾಡಬೇಡಿ, ಎರಡು ಚಮಚ ಸಾಕು.) ಎಣ್ಣೆಯಲ್ಲಿ ಮಾತ್ರ ಎಷ್ಟು ಕಲಕಿದರೂ ಉಪ್ಪು ತಳದಲ್ಲಿ ಹಾಗೇ ಕೂತಿರುತ್ತದೆ.

ಕಾರಣ ನೀರಿನ ಅಣುವಿನ ಆಕಾರ. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಮೂರೂ ನೇರ ಗೆರೆಯಲ್ಲಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಜಾಸ್ತಿ ಎಳೆದುಕೊಳ್ಳುತ್ತದೆ. ಹಾಗಾಗಿ ಆ ತುದಿಯಲ್ಲಿ ಸ್ವಲ್ಪ ಋಣ, ಹೈಡ್ರೋಜನ್ ತುದಿಗಳಲ್ಲಿ ಸ್ವಲ್ಪ ಧನ ವಿದ್ಯುತ್ ಗುಣ. ಅಣು ನೆಟ್ಟಗಿದ್ದಿದ್ದರೆ ಎರಡೂ ಕಡೆಯ ಎಳೆತ ಸರಿದೂಗಿ, ನೀರಿಗೆ ಉಪ್ಪು ಕರಗಿಸುವ ಈ ಶಕ್ತಿ ಇರುತ್ತಿರಲಿಲ್ಲ.

ಉಪ್ಪಿನಲ್ಲಿ ಧನ ಸೋಡಿಯಂ, ಋಣ ಕ್ಲೋರೈಡ್ ಅಂಟಿಕೊಂಡಿರುತ್ತವೆ. ನೀರಿನ ಅಣುಗಳು ಆಕ್ಸಿಜನ್ ತುದಿಯಿಂದ ಸೋಡಿಯಂ ಅನ್ನು, ಹೈಡ್ರೋಜನ್ ತುದಿಯಿಂದ ಕ್ಲೋರೈಡ್ ಅನ್ನು ಸುತ್ತಿಕೊಳ್ಳುತ್ತವೆ. ಸಂತೆಯ ನೂಕುನುಗ್ಗಲಲ್ಲಿ ಕೈ ಹಿಡಿದು ಬಂದವರು ಬೇರೆಯಾಗುವಂತೆ ಇವೂ ಬೇರೆಯಾಗುತ್ತವೆ. ಸಕ್ಕರೆ ಅಣುವಿನಲ್ಲೂ ನೀರು ಹಿಡಿದುಕೊಳ್ಳುವಂಥ ಆಕ್ಸಿಜನ್-ಹೈಡ್ರೋಜನ್ ತುದಿಗಳು ಬೇಕಾದಷ್ಟಿವೆ. ಎಣ್ಣೆಯಲ್ಲಿ ಅಂಥ ಹಿಡಿತ ಇಲ್ಲ.

ಇನ್ನು ಕಲ್ಲಿನ ವಿಷಯ. ಸೀಮೆಸುಣ್ಣ ನೀರಿನಲ್ಲಿ ಬೇಗ ಕರಗುವುದಿಲ್ಲ, ನೋಡಿರುತ್ತೀರಿ. ಸುಣ್ಣದ ಕಲ್ಲೂ ಹಾಗೇ, ಅದರ ಕಣಗಳ ಹಿಡಿತ ಬಹಳ ಗಟ್ಟಿ. ಆದರೆ ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಆಮ್ಲವಾಗುತ್ತದೆ. ಅದು ಕಲ್ಲಿನ ಕ್ಯಾಲ್ಸಿಯಂ ಅನ್ನು ಬೈಕಾರ್ಬನೇಟ್ ಆಗಿ ಕರಗಿಸಿಕೊಳ್ಳುತ್ತದೆ. ಆಳದಲ್ಲಿ ಬಂಡೆಯ ಬಿರುಕುಗಳೊಳಗೆ ವರ್ಷಗಟ್ಟಲೆ ನಿಂತರೆ ಇನ್ನೂ ಜಾಸ್ತಿ. ಕಾಯಿಸಿದಾಗ ಆ ಅನಿಲ ಹೊರಟುಹೋಗಿ ಸುಣ್ಣ ಮತ್ತೆ ಪಾತ್ರೆಗೆ ಅಂಟುತ್ತದೆ.

ಇದನ್ನು ಕಣ್ಣಾರೆ ನೋಡಲು ಎರಡು ಸ್ಟೀಲ್ ತಟ್ಟೆ ಸಾಕು. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಬಯಲಿನಲ್ಲಿ ನೇರವಾಗಿ ಹಿಡಿದ ಮಳೆನೀರು, ಎರಡೂ ಒಂದೇ ಅಳತೆ. ಬಿಸಿಲಿನಲ್ಲಿ ಪೂರ್ತಿ ಆರಲು ಬಿಡಿ, ಮೇಲೆ ತೆಳು ಬಟ್ಟೆ ಹೊದಿಸಿದರೆ ಧೂಳು ಬೀಳುವುದಿಲ್ಲ. ಮಳೆನೀರಿನ ತಟ್ಟೆ ಹೆಚ್ಚುಕಡಿಮೆ ಚೊಕ್ಕಟವಾಗಿರುತ್ತದೆ. ಬೋರ್ ನೀರಿನ ಕಲೆಯ ಮೇಲೆ ನಿಂಬೆರಸ ಬಿಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣ ಇದೆ ಎಂದರ್ಥ.

ಈ ಪರೀಕ್ಷೆಯಲ್ಲಿ ಎಲ್ಲವೂ ಸಿಕ್ಕಿಬೀಳುವುದಿಲ್ಲ. ನಮ್ಮ ಕಡೆ ಮುಖ್ಯವಾಗಿ ತಪ್ಪಿಸಿಕೊಳ್ಳುವುದು ಫ್ಲೋರೈಡ್, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ವಸ್ತು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಹಲವು ಬೋರ್‌ಗಳಲ್ಲಿ ಬಂಡೆಯಿಂದಲೇ ಕರಗಿ ಬರುವ ಇದು ನೋಡಿದರೂ ಗೊತ್ತಾಗದು, ಕುಡಿದರೂ ಗೊತ್ತಾಗದು. ಕುದಿಸಿದರೂ ಹೋಗುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಸರಿ, ಬೇರೆ ನೀರು ಸಿಗದಿದ್ದರೆ 1.5ರವರೆಗೆ. ನಿಮ್ಮ ಬೋರ್ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಈ ಮಿತಿಗಿಂತ ಜಾಸ್ತಿ ಇದ್ದರೆ ಕುಡಿಯಲಿಕ್ಕೆ ಮಾತ್ರವಲ್ಲ, ಅಡುಗೆಗೂ ಆರ್‌ಒ ನೀರನ್ನೇ ಬಳಸಿ.