ಲ್ಯಾಂಕಷೈರಿಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಮೂಲೆಮಟ್ಟ, ಕೈವಾರದ ಗುರುತಿರುವ ಆ ಕಟ್ಟಡ

ಲ್ಯಾಂಕಷೈರಿನ ಯಾವ ಪೇಟೆಯಲ್ಲಿ ಮನೆ ಮಾಡಿದರೂ, ಬಾಗಿಲ ಮೇಲೆ ಮೂಲೆಮಟ್ಟ ಮತ್ತು ಕೈವಾರದ ಚಿಹ್ನೆಯಿರುವ ಹಳೆಯ ಕಟ್ಟಡವೊಂದು ನಿಮ್ಮ ಕಣ್ಣಿಗೆ ಬೀಳುವುದು ಬಹುತೇಕ ಖಚಿತ. ಅದು ಫ್ರೀಮೇಸನ್ನರ, ಅಂದರೆ ಪ್ರಮಾಣ ಮಾಡಿ ಸೇರುವ ಹಳೆಯದೊಂದು ಸೋದರಬಳಗದವರ, ಸಭಾಭವನ. ಯುಗಾದಿಗೋ ರಾಜ್ಯೋತ್ಸವಕ್ಕೋ ಬಾಡಿಗೆಗೆ ಜಾಗ ಹುಡುಕುವಾಗ ಇಂಥ ಭವನಗಳ ಹೆಸರು ಬಂದೇ ಬರುತ್ತದೆ, ಒಡನೆಯೇ ಅದೊಂದು ಗುಟ್ಟಿನ ಕೂಟವೆಂದು ನಮ್ಮವರಲ್ಲಿ ಕೆಲವರು ಹಿಂಜರಿಯುತ್ತಾರೆ. ಕೇಳಿದ ಕಥೆಗಳನ್ನು ನಂಬಿ ಹೆದರುವುದಕ್ಕಿಂತ ಈ ಜಿಲ್ಲೆಯ ದಾಖಲೆಗಳು ಏನು ಹೇಳುತ್ತವೆ ಎಂಬುದನ್ನು ತಿಳಿದುಕೊಳ್ಳುವುದು ಮೇಲು ಎಂಬುದು ಇಲ್ಲಿ ಬಹುಕಾಲ ಬಾಳಿದ ನನ್ನ ಅಭಿಪ್ರಾಯ.

ಮೊದಲಿಗೆ ಒಂದು ಪದದ ವಿಚಾರ. ನಮ್ಮೂರಿನಲ್ಲಿ ಲಾಡ್ಜ್ ಎಂದರೆ ಬಸ್ ನಿಲ್ದಾಣದ ಬಳಿ ತಂಗುವ ಜಾಗ. ಇಲ್ಲಿ ಅದು ಫ್ರೀಮೇಸನ್ನರ ಸ್ಥಳೀಯ ಘಟಕದ ಹೆಸರು. ಮಧ್ಯಯುಗದಲ್ಲಿ ಚರ್ಚು ಕಟ್ಟುತ್ತಿದ್ದ ಕಲ್ಲುಕುಟಿಗರು ಗೋಡೆಯ ಪಕ್ಕದಲ್ಲಿ ಹಾಕಿಕೊಳ್ಳುತ್ತಿದ್ದ ಕೆಲಸದ ಕೊಟ್ಟಿಗೆಯನ್ನೇ ಹಾಗೆ ಕರೆಯುತ್ತಿದ್ದರು. ಮೂಲೆಮಟ್ಟ, ಕೈವಾರಗಳೂ ಅವರ ಉಪಕರಣಗಳೇ.

ಕಲ್ಲುಕುಟಿಗರಲ್ಲದವರೂ ಈ ಬಳಗಕ್ಕೆ ಸೇರತೊಡಗಿದ್ದಕ್ಕೆ ಇಂಗ್ಲೆಂಡಿನಲ್ಲಿ ಸಿಗುವ ಅತಿ ಹಳೆಯ ಸಾಕ್ಷ್ಯಗಳಲ್ಲೊಂದು ನಮ್ಮ ಜಿಲ್ಲೆಯದೇ ಎಂಬುದು ನನಗೆ ಹೆಮ್ಮೆಯ ಸಂಗತಿ. 1646ರ ಅಕ್ಟೋಬರ್ 16ರಂದು ಸಂಜೆ ನಾಲ್ಕೂವರೆಗೆ ವಾರಿಂಗ್ಟನ್ನಿನಲ್ಲಿ ತಾನು ಫ್ರೀಮೇಸನ್ ಆದೆನೆಂದು ಎಲಿಯಾಸ್ ಆಶ್ಮೋಲ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಹೆಸರು ಬಂದದ್ದು ಇವನಿಂದಲೇ. ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದ ಮೊದಲ ಘಟ್ಟ ಆಗಷ್ಟೇ ಮುಗಿದಿತ್ತು. ಆಶ್ಮೋಲ್ ರಾಜನ ಪಕ್ಷದವನು, ಅವನ ಜೊತೆಗೆ ಅದೇ ದಿನ ಸೇರಿದ ಕರ್ನಲ್ ಹೆನ್ರಿ ಮೇನ್‌ವೇರಿಂಗ್ ಸಂಸತ್ತಿನ ಪಕ್ಷದವನು. ಕೆಲವೇ ತಿಂಗಳ ಹಿಂದೆ ಎದುರಾಳಿ ಬಣಗಳಲ್ಲಿದ್ದ ಇಬ್ಬರು ಒಂದೇ ಕೋಣೆಯಲ್ಲಿ ಒಂದೇ ಪ್ರಮಾಣ ಮಾಡಿದರು. ಲಾಡ್ಜಿನೊಳಗೆ ಧರ್ಮ, ರಾಜಕೀಯಗಳ ಚರ್ಚೆ ಕೂಡದು ಎಂಬ ಇಂದಿನ ಕಟ್ಟುನಿಟ್ಟಿನ ನಿಯಮವನ್ನು ಕಂಡಾಗಲೆಲ್ಲ ನನಗೆ ಆ ಸಂಜೆಯೇ ನೆನಪಾಗುತ್ತದೆ.

1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ, ಕಟ್ಟಿದವು ಎಂಬುದು ಸಂಸ್ಥೆಯ ಪರಂಪರೆ ಹೇಳುವ ಮಾತು. 1751ರಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯೊಂದು ಹುಟ್ಟಿತು. 1813ರಲ್ಲಿ ಎರಡೂ ಒಂದಾದವು.

ಆದರೆ ಆ ಒಗ್ಗಟ್ಟು ಲ್ಯಾಂಕಷೈರಿಗೆ ಸಲೀಸಾಗಿ ಒಗ್ಗಲಿಲ್ಲ. ಲಂಡನ್ನಿನ ಹಿರಿಯರು ತಮ್ಮ ದೂರುಗಳಿಗೆ ಕಿವಿಗೊಡುತ್ತಿಲ್ಲವೆಂದು ಅಸಮಾಧಾನಗೊಂಡ ಲಿವರ್‌ಪೂಲ್ ಮತ್ತು ವಿಗನ್ ಕಡೆಯ ಲಾಡ್ಜುಗಳು 1823ರಲ್ಲಿ ತಮ್ಮದೇ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿಕೊಂಡವು. ಅದು ಕ್ರಮೇಣ ಸೊರಗಿತಾದರೂ ವಿಗನ್ನಿನ ಒಂದು ಲಾಡ್ಜ್ 1913ರವರೆಗೂ, ಅಂದರೆ ತೊಂಬತ್ತು ವರ್ಷ, ತಲೆಬಾಗದೆ ನಿಂತಿತು. ಇದರ ನಡುವೆಯೇ, 1826ರಲ್ಲಿ, ಲಾಡ್ಜುಗಳ ಆಡಳಿತಕ್ಕಾಗಿ ಜಿಲ್ಲೆಯನ್ನು ಪೂರ್ವ, ಪಶ್ಚಿಮವೆಂದು ಎರಡು ಪ್ರಾಂತಗಳಾಗಿ ಒಡೆಯಲಾಯಿತು. ಆ ವಿಭಜನೆ ಇಂದಿಗೂ ಹಾಗೆಯೇ ಇದೆ. 1974ರಲ್ಲಿ ಸರ್ಕಾರ ವಾರಿಂಗ್ಟನ್ನನ್ನು ಚೆಷೈರಿಗೆ ಸೇರಿಸಿದರೂ ಅಲ್ಲಿನ ಲಾಡ್ಜುಗಳು ಪಶ್ಚಿಮ ಲ್ಯಾಂಕಷೈರ್ ಪ್ರಾಂತದಲ್ಲಿಯೇ ಉಳಿದಿವೆ.

ಇದು ಗುಟ್ಟಿನ ಕೂಟವಲ್ಲವೇ ಎಂದು ಕೇಳುವವರಿಗೆ ನಾನು 1799ರ ಕಾಯ್ದೆಯನ್ನು ತೋರಿಸುತ್ತೇನೆ. ಫ್ರಾನ್ಸಿನ ಕ್ರಾಂತಿಯಿಂದ ಬೆಚ್ಚಿದ ಸರ್ಕಾರ ರಹಸ್ಯ ಪ್ರಮಾಣದ ಸಂಘಗಳನ್ನು ನಿಷೇಧಿಸಿದಾಗ ಫ್ರೀಮೇಸನ್ನರಿಗೆ ವಿನಾಯಿತಿ ಸಿಕ್ಕಿತು. ಆದರೆ ಪ್ರತಿ ಲಾಡ್ಜೂ ವರ್ಷಕ್ಕೊಮ್ಮೆ ತನ್ನ ಸದಸ್ಯರ ಹೆಸರು, ವಾಸಸ್ಥಳ, ವೃತ್ತಿಗಳ ಪಟ್ಟಿಯನ್ನು ಜಿಲ್ಲೆಯ ಅಧಿಕಾರಿಗೆ ಒಪ್ಪಿಸಬೇಕಾಗಿತ್ತು. 1967ರಲ್ಲಿ ಕಾಯ್ದೆ ರದ್ದಾಗುವವರೆಗೂ ಈ ಕಟ್ಟುಪಾಡು ಇತ್ತು. ಆ ಕಾರಣಕ್ಕೇ ಇಂಗ್ಲೆಂಡಿನ ಜಿಲ್ಲಾ ದಾಖಲೆಗಳಲ್ಲಿ ಲಾಡ್ಜುಗಳ ಸದಸ್ಯರ ಪಟ್ಟಿಗಳು ಸಿಗುತ್ತವೆ. ಯಾವ ಕಸುಬಿನವರು ಯಾವ ಲಾಡ್ಜಿಗೆ ಸೇರಿದ್ದರು ಎಂಬುದನ್ನು ಅವುಗಳಲ್ಲಿ ಓದಬಹುದು.

ಸಹೋದ್ಯೋಗಿಯೊಬ್ಬರು ನಿಮ್ಮನ್ನು ಸೇರಲು ಕರೆದರೆ ಅವಸರ ಬೇಡ. ದೇವರನ್ನು, ಅಂದರೆ ಯಾವುದೋ ಒಂದು ಪರಮಶಕ್ತಿಯನ್ನು ನಂಬಿರಬೇಕು ಎಂಬುದು ಮುಖ್ಯ ಷರತ್ತು. ಯಾವ ಮತ ಎಂದು ಕೇಳುವುದಿಲ್ಲ. 1813ರಲ್ಲಿ ಒಂದಾದ ಈ ಮುಖ್ಯ ಸಂಸ್ಥೆಯಲ್ಲಿ ಗಂಡಸರಿಗೆ ಮಾತ್ರ ಪ್ರವೇಶ. ಹೆಂಗಸರಿಗಾಗಿ 1908ರಿಂದ ಪ್ರತ್ಯೇಕ ಸಂಸ್ಥೆಗಳು ನಡೆಯುತ್ತಿವೆ. ಭಾರತಕ್ಕೂ ಇದು ಹೊಸತಲ್ಲ. ಬ್ರಿಟಿಷರ ಕಾಲದಿಂದ ಬಂದ ಲಾಡ್ಜುಗಳಿಂದ 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ರೂಪುಗೊಂಡಿತು, ಬೆಂಗಳೂರಿನಲ್ಲಿಯೂ ಲಾಡ್ಜುಗಳಿವೆ. ಸೇರ್ಪಡೆಯ ಶುಲ್ಕ, ವಾರ್ಷಿಕ ಚಂದಾ, ಊಟದ ಖರ್ಚು ಎಷ್ಟೆಂದು ಮೊದಲೇ ಕೇಳಿ, ಮನೆಯವರೊಡನೆ ಮಾತನಾಡಿ. ಪ್ರಮಾಣವನ್ನು ಅವರವರ ಧರ್ಮಗ್ರಂಥದ ಮೇಲೆ ಮಾಡುವ ಅವಕಾಶವಿರುವುದರಿಂದ, ಒಪ್ಪಿಕೊಳ್ಳುವುದಾದರೆ ನಿಮಗೆ ಭಗವದ್ಗೀತೆ ಬೇಕೆಂದು ಲಾಡ್ಜಿನ ಕಾರ್ಯದರ್ಶಿಗೆ ಮುಂಚಿತವಾಗಿಯೇ ತಿಳಿಸಿ.